ಫೋನಿಗೆ ಇಮೇಲ್ ಬರುವುದು ನಿಂತಾಗ

ಕೇಳುಗರಿಗೆ ನಮಸ್ಕಾರ.

ಮನೆಗೋ ಅಂಗಡಿಗೋ ಇಂಟರ್ನೆಟ್ ಲೈನ್ ಹಾಕಿಸಿದಾಗ ಕಂಪನಿಯವರು ಅದರ ಜೊತೆಗೇ ಒಂದು ಇಮೇಲ್ ವಿಳಾಸವನ್ನೂ ಕೊಟ್ಟಿದ್ದರು. ಕಾರವಾರ, ಅಂಕೋಲೆ, ಕುಮಟೆಯ ಅಂಗಡಿ ಬೋರ್ಡುಗಳಲ್ಲಿ, ಶಿರಸಿ, ಸಿದ್ದಾಪುರದ ಅಡಿಕೆ ವ್ಯಾಪಾರಿಗಳ ಬಿಲ್ ಪುಸ್ತಕಗಳಲ್ಲಿ, ಗೋಕರ್ಣದ ಹೋಮ್‌ಸ್ಟೇ ಕಾರ್ಡುಗಳಲ್ಲಿ ಅಂಥ ವಿಳಾಸಗಳು ಇವತ್ತಿಗೂ ಕಾಣುತ್ತವೆ. ಒಂದು ದಿನ ಆ ಕಂಪನಿಯಿಂದ ಸೂಚನೆ ಬರುತ್ತದೆ: ಇಂಥ ತಾರೀಖಿನಿಂದ ಮೊಬೈಲ್ ಫೋನಿನ ಆ್ಯಪ್‌ಗಳಲ್ಲಿ ನಮ್ಮ ಇಮೇಲ್ ಸಿಗುವುದಿಲ್ಲ. ಆಗ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದಷ್ಟೇ ಇವತ್ತಿನ ಮಾತು.

ಮಾಡಬಾರದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿರುವ ಹಳೆಯ ಇಮೇಲ್ ಖಾತೆಗೆ ಕೈ ಹಚ್ಚಬೇಡಿ. ಅದನ್ನು ತೆಗೆಯಬೇಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ಫೋನ್ ರಿಸೆಟ್ ಮಾಡಬೇಡಿ. ಮೊದಲು ನಕಲು, ಉಳಿದದ್ದೆಲ್ಲ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳಬೇಕು? ಬಸ್ ನಿಲ್ದಾಣದ ಅಂಗಡಿಯಲ್ಲಿ ಊರಿನ ಟಪಾಲು ಬಿಟ್ಟುಹೋಗುವ ರೂಢಿ ನಿಮಗೆ ಗೊತ್ತು. ಕಾಗದವನ್ನು ಅಂಗಡಿಯಲ್ಲೇ ಓದಿ ಅಲ್ಲೇ ಇಟ್ಟು ಬರಬಹುದು. ಮತ್ತೆ ಹೋದಾಗ ಅದು ಅಲ್ಲೇ ಇರುತ್ತದೆ. ಅಥವಾ ಮನೆಗೆ ತಂದುಬಿಡಬಹುದು. ಆಗ ಅಂಗಡಿಯಲ್ಲಿ ಏನೂ ಉಳಿಯುವುದಿಲ್ಲ. ಇಮೇಲಿಗೂ ಈ ಎರಡು ರೀತಿಗಳಿವೆ. ಕಾಗದ ಕಂಪನಿಯ ಸರ್ವರಿನಲ್ಲೇ, ಅಂದರೆ ಅವರ ಕಂಪ್ಯೂಟರಿನಲ್ಲೇ, ಉಳಿಯುವ ರೀತಿಗೆ ಐಎಂಎಪಿ ಎನ್ನುತ್ತಾರೆ. ಕಾಗದವನ್ನು ಫೋನಿಗೆ ಇಳಿಸಿಕೊಂಡು ಸರ್ವರಿನಿಂದ ತೆಗೆದುಬಿಡುವ ರೀತಿಗೆ ಪಿಒಪಿ ಎನ್ನುತ್ತಾರೆ. ನಿಮ್ಮದು ಎರಡನೆಯದಾಗಿದ್ದರೆ ನಿಮ್ಮ ಪತ್ರಗಳು ಆ ಒಂದು ಫೋನಿನಲ್ಲಿ ಮಾತ್ರ ಇರಬಹುದು. ಹಾಗಿದ್ದರೆ ಜಗತ್ತಿನಲ್ಲಿ ನಿಮಗೆ ಇನ್ನೊಂದು ಪ್ರತಿ ಇಲ್ಲ.

ಶಿರಸಿ ಕಡೆಯ ಒಬ್ಬ ಅಡಿಕೆ ವ್ಯಾಪಾರಿಗೆ ಆದದ್ದನ್ನು ಕೇಳಿ. ಚಾಲಿ ಅಡಿಕೆ ಗುಜರಾತಿಗೆ ಕಳಿಸುವವರು. ದರದ ಮಾತುಕತೆ, ಬಿಲ್ಲು, ಲಾರಿ ರಸೀದಿ, ಹಣ ಬಂದ ಒಪ್ಪಿಗೆ ಎಲ್ಲ ಇಮೇಲಿನಲ್ಲೇ. ಏಳು ವರ್ಷದ ವ್ಯವಹಾರ. ಕಂಪನಿಯ ಸೂಚನೆ ಬಂದಿತ್ತು, ಅವರು ಓದಿರಲಿಲ್ಲ. ಒಂದು ಬೆಳಿಗ್ಗೆ ಫೋನಿಗೆ ಮೇಲ್ ಬರುವುದು ನಿಂತಿತು. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದರು. ಮಗ ಕೆಲಸದ ನಡುವೆ, ‘ಅಪ್ಪಯ್ಯ, ಆ ಅಕೌಂಟ್ ತೆಗೆದು ಮತ್ತೊಂದ್ಸಲ ಹಾಕು, ಸರಿಯಾಗ್ತು’ ಅಂದ. ಐಎಂಎಪಿ ಖಾತೆಯ ಬೇರೆ ಕೆಲವು ತೊಂದರೆಗಳಿಗೆ ಅದು ಸರಿಯಾದ ಮದ್ದೇ. ಇವರು ತೆಗೆದರು. ಖಾತೆಯ ಎಲ್ಲ ಸಂದೇಶ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಫೋನ್ ಕೇಳಿತು, ಓಕೆ ಒತ್ತಿದರು. ಮತ್ತೆ ಹಾಕಲು ಹೋದರೆ ಖಾತೆ ಸೇರಲೇ ಇಲ್ಲ. ಹಿಂದಿನ ರಾತ್ರಿಯೇ ಕಂಪನಿ ಫೋನಿನ ಬಾಗಿಲು ಮುಚ್ಚಿತ್ತು.

ಬಾಗಿಲು ಮುಚ್ಚಿದ್ದು ಫೋನಿನ ಆ್ಯಪ್‌ಗೆ ಮಾತ್ರ. ಬ್ರೌಸರಿನಲ್ಲಿ ತೆರೆಯುವ ವೆಬ್‌ಮೇಲ್ ನಡೆಯುತ್ತಲೇ ಇತ್ತು. ಆದರೆ ಅದಕ್ಕೆ ಪಾಸ್‌ವರ್ಡ್ ಬೇಕು. ಏಳು ವರ್ಷದ ಹಿಂದೆ ಯಾರೋ ಹುಡುಗ ಫೋನಿಗೆ ಹಾಕಿಕೊಟ್ಟದ್ದು, ಅಂದಿನಿಂದ ಫೋನಿಗೆ ಗೊತ್ತು, ಇವರಿಗೆ ಗೊತ್ತಿಲ್ಲ. ನೆನಪಿಗೆ ಬಂದದ್ದನ್ನೆಲ್ಲ ಹಾಕಿ ನೋಡಿದರು, ಖಾತೆ ಲಾಕ್ ಆಯಿತು. ಹೊಸ ಪಾಸ್‌ವರ್ಡಿಗೆ ಒಟಿಪಿ ಕೇಳಿದರೆ ಅದು ಹೋಗುತ್ತಿದ್ದುದು ಎಂದೋ ಬಿಟ್ಟುಬಿಟ್ಟ ಹಳೆಯ ಸಿಮ್‌ಗೆ. ಗುರುತಿನ ಚೀಟಿ, ಲೈನಿನ ಬಿಲ್ಲು ಹಿಡಿದು ಕಂಪನಿಯ ಕಚೇರಿಗೆ ಮೂರು ದಿನ ತಿರುಗಿ, ನಂಬರ್ ಬದಲಿಸಿಕೊಂಡು, ಕೊನೆಗೆ ವೆಬ್‌ಮೇಲ್ ತೆರೆದರು. ಒಳಗೆ ಇದ್ದದ್ದು 11 ಪತ್ರ, ಎಲ್ಲವೂ ಆ ವಾರದವು. ಉಳಿದವೆಲ್ಲ ಫೋನಿಗೆ ಇಳಿದು ಸರ್ವರಿನಿಂದ ಎಂದೋ ಹೋಗಿದ್ದವು. ಪಿಒಪಿ ಖಾತೆಯಲ್ಲಿ ನಾವು ಕಳಿಸಿದ ಪತ್ರವೂ ಫೋನಿನಲ್ಲೇ ಇರುತ್ತದೆ, ಹಾಗಾಗಿ ಅವೂ ಇಲ್ಲ. ಆಮೇಲೆ ಒಬ್ಬೊಬ್ಬ ಖರೀದಿದಾರರಿಗೂ ಫೋನ್ ಮಾಡಿ, ನನ್ನ ವಿಳಾಸ ಹಾಕಿ ಹುಡುಕಿ, ಸಿಕ್ಕದ್ದನ್ನು ಫಾರ್ವರ್ಡ್ ಮಾಡಿ ಎಂದು ಬೇಡಿಕೊಂಡರು. ಲೆಕ್ಕ ನೋಡುವವರ ಹತ್ತಿರ ಇದ್ದ ಬಿಲ್ಲುಗಳು ಸಿಕ್ಕವು. ದರದ ಮಾತುಕತೆಯ ಪತ್ರಗಳು ಪೂರ್ತಿ ಸಿಗಲೇ ಇಲ್ಲ. ಖಾತೆಗೆ ಕೈ ಹಚ್ಚದೆ ಇದ್ದಿದ್ದರೆ ಅವೆಲ್ಲ ಫೋನಿನಲ್ಲಿ ಹಾಗೇ ಕೂತಿರುತ್ತಿದ್ದವು. ಇಂಟರ್ನೆಟ್ ಕೂಡ ಬೇಕಿರಲಿಲ್ಲ.

ನಿಮ್ಮದು ಯಾವ ರೀತಿ ಎಂದು ಇವತ್ತೇ ನೋಡಿಕೊಳ್ಳಿ. ಮಗ ರಜೆಗೆ ಬರಲಿ, ಮೊಮ್ಮಗಳು ಬರಲಿ ಎಂದು ಕಾಯಬೇಡಿ, ದಯವಿಟ್ಟು. ಇದು ಎರಡು ನಿಮಿಷದ ಕೆಲಸ. ಇಮೇಲ್ ಆ್ಯಪಿನಲ್ಲಿ ಸೆಟ್ಟಿಂಗ್ಸ್, ಅಲ್ಲಿ ನಿಮ್ಮ ಖಾತೆ, ಅದರೊಳಗೆ ‘ಇನ್‌ಕಮಿಂಗ್ ಸೆಟ್ಟಿಂಗ್ಸ್’. ಅಲ್ಲಿ ಪೋರ್ಟ್ ಎಂದು ಒಂದು ಸಂಖ್ಯೆ ಇರುತ್ತದೆ. 993 ಅಥವಾ 143 ಇದ್ದರೆ ಐಎಂಎಪಿ. 995 ಅಥವಾ 110 ಇದ್ದರೆ ಪಿಒಪಿ. ನೋಡಿ, ಬರೆದಿಟ್ಟುಕೊಳ್ಳಿ, ಏನನ್ನೂ ಬದಲಿಸದೆ ಹೊರಗೆ ಬನ್ನಿ.

995 ಅಥವಾ 110 ಇದ್ದವರು ಮುಚ್ಚುವ ತಾರೀಖಿನ ಮೊದಲೇ ಜಿಮೇಲಿನಂಥ ಕಡೆ ಒಂದು ಹೊಸ ವಿಳಾಸ ಮಾಡಿಕೊಂಡು, ಮುಖ್ಯ ಪತ್ರಗಳನ್ನು ಒಂದೊಂದಾಗಿ ಅದಕ್ಕೆ ಫಾರ್ವರ್ಡ್ ಮಾಡಿ. ಜೊತೆಗಿರುವ ಫೈಲುಗಳೂ ಹೋಗುತ್ತವೆ. ತಾರೀಖು ದಾಟಿದ ಮೇಲೆ ಫಾರ್ವರ್ಡ್ ಮಾಡಿದರೆ ಅದು ಔಟ್‌ಬಾಕ್ಸಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹೋಗುವುದಿಲ್ಲ. ಆಗ ಪತ್ರ ತೆರೆದು, ಮೂರು ಚುಕ್ಕಿ ಒತ್ತಿ, ಪ್ರಿಂಟ್ ಆರಿಸಿ, ಪ್ರಿಂಟರ್ ಬದಲು ‘ಸೇವ್ ಆ್ಯಸ್ ಪಿಡಿಎಫ್’ ಕೊಡಿ. ಪಿಡಿಎಫಿನಲ್ಲಿ ಪತ್ರದ ಜೊತೆಗಿನ ಫೈಲು ಬರುವುದಿಲ್ಲ, ಅದನ್ನು ಬೇರೆಯಾಗಿ ಡೌನ್‌ಲೋಡ್ ಮಾಡಬೇಕು.

993 ಅಥವಾ 143 ಇದ್ದವರಿಗೆ ಕೆಲಸ ಹಗುರ. ಫೋನಿನ ಕ್ರೋಮ್ ಬ್ರೌಸರಿನಲ್ಲಿ ಕಂಪನಿಯ ವೆಬ್‌ಮೇಲ್ ತೆರೆಯಿರಿ. ಪುಟ ಸರಿ ಕಾಣದಿದ್ದರೆ ಮೂರು ಚುಕ್ಕಿಯಲ್ಲಿ ‘ಡೆಸ್ಕ್‌ಟಾಪ್ ಸೈಟ್’ಗೆ ಟಿಕ್ ಹಾಕಿ. ಅದೇ ಪಟ್ಟಿಯಲ್ಲಿ ‘ಆ್ಯಡ್ ಟು ಹೋಮ್ ಸ್ಕ್ರೀನ್’ ಇದೆ. ಒತ್ತಿದರೆ ಫೋನಿನ ಮುಖಪುಟದಲ್ಲಿ ಗುಂಡಿ ಕೂರುತ್ತದೆ. ಆಮೇಲೆ ಮೇಲ್ ಓದಲು ಅದೇ ಸಾಕು. ಹೊಸ ಪತ್ರ ಬಂದಾಗ ಫೋನ್ ಸದ್ದು ಮಾಡುವುದಿಲ್ಲ, ನೀವೇ ತೆರೆದು ನೋಡಬೇಕು, ಅಷ್ಟೇ ವ್ಯತ್ಯಾಸ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಊಹೆ ಮಾಡಿ ಹತ್ತು ಸಲ ಹಾಕಬೇಡಿ, ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ. ಅದಕ್ಕೂ ಮೊದಲು ಕಂಪನಿಯ ಬಳಿ ಇರುವ ಮೊಬೈಲ್ ನಂಬರ್ ಇವತ್ತಿನದೇ ಎಂದು ಖಾತ್ರಿ ಮಾಡಿಕೊಳ್ಳಿ.

ಕಂಪನಿಗಳು ಹೀಗೆ ಯಾಕೆ ಮಾಡುತ್ತವೆ ಎಂದು ಕೇಳುತ್ತೀರಿ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಹಳೆಯ ಪದ್ಧತಿ ಕಳ್ಳರಿಗೆ ಸುಲಭ. ಜಿಮೇಲ್ 2022ರ ಮೇ 30ರಿಂದ, ಔಟ್‌ಲುಕ್ ಡಾಟ್ ಕಾಮ್ 2024ರ ಸೆಪ್ಟೆಂಬರ್ 16ರಿಂದ ಅದನ್ನು ನಿಲ್ಲಿಸಿ ಹೊಸ ಪದ್ಧತಿ ತಂದವು. ಹೊಸ ಪದ್ಧತಿಗೆ ಖರ್ಚು ಮಾಡಲು ಒಪ್ಪದ ಕಂಪನಿ ಫೋನಿನ ಬಾಗಿಲನ್ನೇ ಮುಚ್ಚಿಬಿಡುವುದುಂಟು. ಆದ್ದರಿಂದ ಹೊಸ ವಿಳಾಸವನ್ನು ಇಂಟರ್ನೆಟ್ ಲೈನಿನ ಕಂಪನಿಯಿಂದ ತೆಗೆದುಕೊಳ್ಳಬೇಡಿ. ಲೈನ್ ಬದಲಾದರೆ ವಿಳಾಸವೂ ಹೋಗುತ್ತದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ.

ವೆಬ್‌ಮೇಲಿನ ಸೆಟ್ಟಿಂಗ್ಸಿನಲ್ಲಿ ‘ಫಾರ್ವರ್ಡಿಂಗ್’ ಇದ್ದರೆ ಹೊಸ ವಿಳಾಸ ಹಾಕಿ, ‘ಕೀಪ್ ಎ ಕಾಪಿ’ಗೂ ಟಿಕ್ ಹಾಕಿ. ಇನ್ನು ಮುಂದೆ ಬರುವ ಪತ್ರಗಳಿಗೆ ಮಾತ್ರ ಇದು. ಹಳೆಯವು ಇದರಿಂದ ಬರುವುದಿಲ್ಲ. ಸರಿಯಾಯಿತೋ ಎಂದು ನೋಡಲು ನಿಮ್ಮ ಹೊಸ ಜಿಮೇಲಿನಿಂದಲೇ ಕಳಿಸಬೇಡಿ. ತಾನೇ ಕಳಿಸಿದ ಪತ್ರ ತಿರುಗಿ ಬಂದರೆ ಜಿಮೇಲ್ ಅದನ್ನು ಇನ್‌ಬಾಕ್ಸಿನಲ್ಲಿ ಮತ್ತೆ ತೋರಿಸುವುದಿಲ್ಲ, ಕೆಟ್ಟಿದೆ ಎಂದು ನೀವು ತಪ್ಪು ತಿಳಿಯುತ್ತೀರಿ. ಪಕ್ಕದ ಮನೆಯವರಿಂದ ಒಂದು ಮೇಲ್ ಹಾಕಿಸಿ.

ಸರ್ವರಿನಲ್ಲಿರುವ ಹಳೆಯ ಪತ್ರಗಳನ್ನು ಹೊಸ ವಿಳಾಸಕ್ಕೆ ತರಲು ಕಂಪ್ಯೂಟರ್ ಬೇಕು. ಥಂಡರ್‌ಬರ್ಡ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಹಳೆಯ ಖಾತೆ, ಹೊಸ ಖಾತೆ ಎರಡನ್ನೂ ಐಎಂಎಪಿಯಾಗಿ ಸೇರಿಸಿ. ಇನ್ನೂರು ಮುನ್ನೂರು ಪತ್ರ ಆರಿಸಿ, ಬಲಗುಂಡಿ ಒತ್ತಿ, ‘ಕಾಪಿ ಟು’ ಕೊಡಿ. ‘ಮೂವ್’ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಹೋಗುತ್ತದೆ. ಮೂವ್ ಅರ್ಧಕ್ಕೆ ನಿಂತರೆ ಯಾವ ಪತ್ರ ಎಲ್ಲಿ ಉಳಿಯಿತೆಂದು ಹುಡುಕುವುದೇ ಕೆಲಸವಾಗುತ್ತದೆ. ಕಾಪಿ ನಿಂತರೆ ಮತ್ತೆ ಶುರುಮಾಡಬಹುದು. ಜಿಮೇಲಿಗೆ ಹೀಗೆ ದಿನಕ್ಕೆ 500 ಎಂಬಿ ಮಾತ್ರ ಏರಿಸಲು ಬಿಡುತ್ತಾರೆ, ಮುಂದಿನದು ನಾಳೆಗೆ. ಜಿಮೇಲಿನ ಉಚಿತ ಜಾಗ 15 ಜಿಬಿ. ಗೂಗಲ್‌ಗೆ ಏರಿಸಿದ ನಿಮ್ಮ ಫೋಟೋಗಳೂ ಅದರಲ್ಲೇ ಸೇರಿವೆ, ಮೊದಲು ಎಷ್ಟು ಉಳಿದಿದೆ ನೋಡಿ. ನೀವು ಕಳಿಸಿದ ಪತ್ರಗಳಿರುವ ‘ಸೆಂಟ್’ ಫೋಲ್ಡರ್ ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.

ಬ್ಯಾಂಕು, ಆದಾಯ ತೆರಿಗೆ, ಜಿಎಸ್‌ಟಿ, ವಿಮೆ ಇವಿಷ್ಟರಲ್ಲಿ ವಿಳಾಸವನ್ನು ಹಳೆಯ ಮೇಲ್ ಜೀವಂತ ಇರುವಾಗಲೇ ಬದಲಿಸಿ. ಕೆಲವು ಕಡೆ ಬದಲಿಸುವುದಕ್ಕೆ ಹಳೆಯ ವಿಳಾಸಕ್ಕೇ ಒಟಿಪಿ ಬರುತ್ತದೆ. ಆದಾಯ ತೆರಿಗೆ ಪೋರ್ಟಲಿನಲ್ಲಿ ‘ಮೈ ಪ್ರೊಫೈಲ್’ನಲ್ಲಿ ಸಂಪರ್ಕ ವಿವರ ಇದೆ. ಇಲಾಖೆಯ ನೋಟಿಸು ಇಮೇಲಿಗೇ ಬರುವುದರಿಂದ ಇದನ್ನು ಮುಂದಕ್ಕೆ ಹಾಕಬೇಡಿ.

‘ನಿಮ್ಮ ಇಮೇಲ್ ಇವತ್ತು ರಾತ್ರಿ ಬಂದ್ ಆಗುತ್ತದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡಿ’ ಎಂದು ಬರುವ ಸಂದೇಶ ವಂಚಕರದ್ದು. ಕಂಪನಿಯ ಹೆಸರಿನಲ್ಲಿ ಬಂದ ಸೂಚನೆ ನಿಜವೋ ಸುಳ್ಳೋ ತಿಳಿಯಲು ಲೈನಿನ ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಮೋಸಕ್ಕೆ ಸಿಕ್ಕು ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮತ್ತೆ ಫೋನಿನಲ್ಲಿರುವ ಹಳೆಯ ಖಾತೆ: ನಕಲಾದ ಪತ್ರಗಳನ್ನು ಹೊಸ ಕಡೆ ಒಂದೊಂದಾಗಿ ತೆರೆದು ನೋಡುವ ತನಕ ಅದಕ್ಕೆ ಕೈ ಹಚ್ಚಬೇಡಿ. ನಮಸ್ಕಾರ.