ಸಂತೆಯಿಂದ ಶುರುವಾದ ಸಂಧಾನ: ವಾಜಿರ್ ಪಟ್ಟಣದ ಹೆಂಗಸರು ಮಾಡಿದ್ದೇನು?

[ಪರದೆಯಲ್ಲಿ: ಕೆನ್ಯಾದ ನಕ್ಷೆ, ಈಶಾನ್ಯ ಮೂಲೆ]

ನಮಸ್ಕಾರ. ವಾಜಿರ್ ಕೆನ್ಯಾದ ಒಣಸೀಮೆಯ ಪಟ್ಟಣ. ಸುತ್ತಮುತ್ತಲಿನ ಜನರಲ್ಲಿ ಬಹುಪಾಲು ಸೊಮಾಲಿ ಕುಲಗಳ ಪಶುಪಾಲಕರು. 1990ರ ದಶಕದ ಆರಂಭದಲ್ಲಿ ಬರ ಬಂದು ಜಾನುವಾರುಗಳು ಸತ್ತವು. ಅತ್ತ ಸೊಮಾಲಿಯಾದ ಸರ್ಕಾರ ಕುಸಿಯಿತು. ಬಂದೂಕುಗಳು ಗಡಿ ದಾಟಿ ಬಂದವು. ನೀರು, ಮೇವಿನ ಹಳೆಯ ತಕರಾರಿಗೆ ಈಗ ಹೆಣಗಳು ಬೀಳತೊಡಗಿದವು.

[ಪರದೆಯಲ್ಲಿ: ಸಂತೆಯ ದೃಶ್ಯ]

ಹಗೆ ಸಂತೆಗೂ ಇಳಿಯಿತು. ಒಂದು ಕುಲದ ಹೆಂಗಸರು ಇನ್ನೊಂದು ಕುಲದವರೊಡನೆ ವ್ಯಾಪಾರ ನಿಲ್ಲಿಸಿದರು. ಆಗ ಬೇರೆ ಬೇರೆ ಕುಲಗಳ ಕೆಲವು ಹೆಂಗಸರು ಒಟ್ಟಿಗೆ ಕುಳಿತರು. ಅವರಲ್ಲೊಬ್ಬರು ದೇಖಾ ಇಬ್ರಾಹಿಂ ಅಬ್ದಿ. ಮೆರವಣಿಗೆ, ಭಾಷಣ ಯಾವುದಕ್ಕೂ ಹೋಗದೆ ಅವರು ಮೊದಲು ಕೈಹಾಕಿದ್ದು ಸಂತೆಗೆ. ಯಾವ ಕುಲದವರೇ ಆಗಲಿ ಇಲ್ಲಿ ಕೊಳ್ಳಬಹುದು, ಮಾರಬಹುದು ಎಂದು ಗೊತ್ತುಮಾಡಿದರು. ಅದು ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಕೆಲಸವನ್ನೂ ತಾವೇ ವಹಿಸಿಕೊಂಡರು. ನನ್ನ ಪ್ರಕಾರ ಗುಟ್ಟಿರುವುದು ಈ ಉಸ್ತುವಾರಿಯಲ್ಲೇ. ಸಂತೆಯ ಜಗಳವನ್ನು ಅಲ್ಲೇ ಬಿಡಿಸಿದರೆ ಅದು ಸಂಜೆಗೆ ಬಂದೂಕಿನವರ ಕಿವಿಗೆ ಬೀಳುವುದಿಲ್ಲ.

[ಪರದೆಯಲ್ಲಿ: ಮರದ ನೆರಳಲ್ಲಿ ಹಿರಿಯರ ಸಭೆ, ರೇಖಾಚಿತ್ರ]

ಆದರೆ ಮೇವಿನ ಬಯಲಿನ ಕೊಲೆಗಳು ನಿಲ್ಲಬೇಕಾದರೆ ಕುಲದ ಹಿರಿಯರು ಒಪ್ಪಬೇಕು. ಒಂದು ದೊಡ್ಡ ಕುಲದವರು ಕರೆದರೆ ಇನ್ನೊಂದು ದೊಡ್ಡ ಕುಲದವರಿಗೆ ಅನುಮಾನ. ಹಾಗಾಗಿ ಸಂಧಾನಕ್ಕೆ ಚಿಕ್ಕ ಕುಲದ ಹಿರಿಯರನ್ನು ಮುಂದೆ ಮಾಡಿದರು. ಬಲ ಕಡಿಮೆ ಎಂಬುದೇ ಅವರ ಅರ್ಹತೆಯಾಯಿತು! 1993ರ ಸೆಪ್ಟೆಂಬರಿನಲ್ಲಿ ಹಿರಿಯರು ಅಲ್-ಫತಾಹ್ ಘೋಷಣೆಗೆ, ಅಂದರೆ ಕುಲಗಳ ನಡುವಿನ ಶಾಂತಿ ಒಪ್ಪಂದಕ್ಕೆ, ಒಪ್ಪಿದರು. 1995ರಲ್ಲಿ ಹೆಂಗಸರು, ಯುವಕರು, ಹಿರಿಯರು, ಧರ್ಮಗುರುಗಳು, ಅಧಿಕಾರಿಗಳು ಎಲ್ಲರೂ ಇರುವ ಶಾಂತಿ ಸಮಿತಿ ಜಿಲ್ಲಾಡಳಿತದ ಭಾಗವಾಯಿತು. ಎಲ್ಲಿಂದಾದರೂ ಗಲಾಟೆಯ ಸುದ್ದಿ ಬಂದರೆ ಸಮಿತಿಯ ತಂಡ ಅಲ್ಲಿಗೆ ಹೊರಡುತ್ತಿತ್ತು. ಮುಂದೆ ಕೆನ್ಯಾದ ಬೇರೆ ಜಿಲ್ಲೆಗಳೂ ಈ ಮಾದರಿ ಹಿಡಿದವು. 2007ರಲ್ಲಿ ದೇಖಾ ಅವರಿಗೆ ‘ಪರ್ಯಾಯ ನೊಬೆಲ್’ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಅವರು ತೀರಿಕೊಂಡರು.

[ಪರದೆಯಲ್ಲಿ: ಒಂಟೆಗಳ ಹಿಂಡು]

ಹೊಗಳಿಕೆಯ ನಡುವೆ ಮರೆಯಾಗುವ ಒಂದು ಸಂಗತಿ ಇದೆ. ಇಂಥ ಸಂಧಾನಗಳು ನಿಂತಿರುವುದು ಕೊಲೆಗೆ ಪರಿಹಾರ ಕೊಡುವ ಹಳೆಯ ಪದ್ಧತಿಯ ಮೇಲೆ. ಸೊಮಾಲಿ ಸಂಪ್ರದಾಯದಲ್ಲಿ ಗಂಡಸಿನ ಜೀವಕ್ಕೆ 100 ಒಂಟೆ, ಹೆಂಗಸಿನ ಜೀವಕ್ಕೆ 50. ಪರಿಹಾರವನ್ನು ಇಡೀ ಕುಲ ಸೇರಿ ಕಟ್ಟುವುದರಿಂದ ಕೊಂದವನು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ ಉಳಿಯಬಹುದು. ಸೇಡಿನ ಸರಪಣಿ ಇದರಿಂದ ತುಂಡಾಗುತ್ತದೆ, ನಿಜ. ಆದರೆ ಸಂಧಾನಕ್ಕೆ ಮೊದಲು ಎದ್ದ ಹೆಂಗಸರ ಜೀವಕ್ಕೆ ಆ ಲೆಕ್ಕದಲ್ಲಿ ಅರ್ಧ ಬೆಲೆ.