ಹೊಲದಿಂದ ಬಂದ ಮಾತು

ಕೇಳುಗರಿಗೆ ನಮಸ್ಕಾರ. ನೀವು ಈಗ ಕೇಳುತ್ತಿರುವ ಈ ಬಗೆಯ ಮಾತಿಗೆ ಇಂಗ್ಲಿಷಿನಲ್ಲಿ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಈ ಪದ ರೇಡಿಯೋ ಜೊತೆಗೇ ಹುಟ್ಟಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ, ಇದು ಹೊಲದಿಂದ ಬಂದದ್ದು. ಬ್ರಾಡ್ ಅಂದರೆ ಅಗಲ, ಕಾಸ್ಟ್ ಅಂದರೆ ಎಸೆಯುವುದು. ಸಾಲು ಹಿಡಿಯದೆ, ಕೈಯಿಂದ ಬೀಜ ಎರಚಿ ಬಿತ್ತುವುದಕ್ಕೆ 18ನೇ ಶತಮಾನದಲ್ಲೇ ಇಂಗ್ಲಿಷಿನಲ್ಲಿ ಈ ಪದ ಇತ್ತು.

ನಮ್ಮಜ್ಜ ರಾಗಿ ಎರಚುವುದನ್ನು ನಾನು ಕಂಡಿದ್ದೇನೆ. ರಾಗಿ ಸಣ್ಣ ಕಾಳು ಅಲ್ವಾ? ಹಾಗೇ ಎಸೆದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಅದಕ್ಕೇ ಅಜ್ಜ ಬೀಜಕ್ಕೆ ಮರಳು ಬೆರೆಸುತ್ತಿದ್ದರು. ಪಂಚೆ ಎತ್ತಿ ಕಟ್ಟಿ, ಮಡಿಲಲ್ಲಿ ಬೀಜ ತುಂಬಿಕೊಂಡು, ಹೆಜ್ಜೆಗೊಂದು ಸಲ ಕೈ ಬೀಸುತ್ತಿದ್ದರು. ಬೆರಳ ಸಂದಿಯಿಂದ ಕಾಳು ಸರ್ರನೆ ಹರಡುತ್ತಿತ್ತು. ಗಾಳಿ ಜೋರಾದರೆ ನಿಂತುಬಿಡುತ್ತಿದ್ದರು. ಒಂದು ಸಲ ನಾನೂ ಹಠ ಮಾಡಿ ಒಂದು ಮೂಲೆಯಲ್ಲಿ ಎರಚಿದೆ. ಪೈರು ಎದ್ದಾಗ ನೋಡಬೇಕಿತ್ತು! ಒಂದು ಕಡೆ ಕಾಲಿಡೋಕೆ ಜಾಗ ಇಲ್ಲ, ಪಕ್ಕದಲ್ಲೇ ಬೋಳು. ಅಜ್ಜ ಬೈಯಲಿಲ್ಲ. ಒತ್ತಾದ ಕಡೆಯ ಪೈರು ಕಿತ್ತು ಬೋಳು ಜಾಗಕ್ಕೆ ನೆಟ್ಟರು. “ಬೀಜ ಒಂದು ಜಾಗಕ್ಕೆ ಹಾಕೋದಲ್ಲ ಕಣೋ, ಹೊಲಕ್ಕೆ ಹಾಕೋದು” ಅಂದರು.

ಬ್ರಾಡ್‌ಕಾಸ್ಟ್ ಅಂದರೆ ಅದೇ! ತಂತಿಯಿಲ್ಲದ ಸಂದೇಶ ಮೊದಮೊದಲು ಹಡಗಿನಿಂದ ದಡಕ್ಕೆ, ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಸುತ್ತ ಇದ್ದವರಿಗೂ ಕೇಳಿಸಿಬಿಡುತ್ತದೆ ಅನ್ನುವುದೇ ಅದರ ಕೊರತೆಯಾಗಿತ್ತು. 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲಯ, ಯಾರು ಬೇಕಾದರೂ ಕೇಳಲಿ ಅಂತ ಚುನಾವಣೆಯ ಫಲಿತಾಂಶ ಹೇಳಿತು. ಒಬ್ಬರ ಹೆಸರಿಗಲ್ಲ, ಇಡೀ ಹೊಲಕ್ಕೆ! ಹೊಲದ ಪದವೇ ಇದಕ್ಕೆ ಹೊಂದಿತು. 1922ರಲ್ಲಿ ಶುರುವಾದ ಬಿಬಿಸಿಯ ನಡುವಿನ ‘ಬಿ’ ಕೂಡ ಇದೇ.

ಹೊತ್ತಾಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ಟೆಲಿಕಾಸ್ಟ್ ಇದರ ಮಗಳು. 2004ರಲ್ಲಿ ಬಂದ ಪಾಡ್‌ಕಾಸ್ಟ್ ಮೊಮ್ಮಗಳು ಅನ್ನಿ. ಐಪಾಡ್‌ನ ಪಾಡ್‌ಗೆ ಇದರ ಬಾಲ ಸೇರಿಸಿದ್ದು.

ಇನ್ನೊಂದು. ನಮ್ಮ ‘ಬಿತ್ತರಿಸು’ ಕೂಡ ‘ಬಿತ್ತು’ವಿನಿಂದಲೇ ಬಂತು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಸುಮ್ನೆ ನಂಟು ಕಟ್ಟಬೇಡಿ. ಬಿತ್ತರ ಅನ್ನುವುದು ಸಂಸ್ಕೃತದ ವಿಸ್ತರದ ತದ್ಭವ. ನಿಘಂಟು ತೆಗೆದು ನೋಡಿ, ಸಿಗುತ್ತದೆ. ನಮಸ್ಕಾರ.