‘ಸುವಾರ್ತೆ’ ಅಂದರೆ ಯಾವ ವಾರ್ತೆ? ಡಿಸ್ಪೆನ್ಸೇಷನಲ್ ಪಂಥದವರು ಆ ಪದ ಓದುವ ಬಗೆ

[ಪರದೆ ಮೇಲೆ: ಲೂಕ 9:6 ಎಡಕ್ಕೆ, ಲೂಕ 18:34 ಬಲಕ್ಕೆ]

ನಮಸ್ಕಾರ. ಪರದೆ ಮೇಲೆ ಎರಡು ವಚನ ಇವೆ. ಲೂಕ 9:6ರಲ್ಲಿ ಹನ್ನೆರಡು ಮಂದಿ ಶಿಷ್ಯರು ಊರೂರು ಸುತ್ತಿ ಸುವಾರ್ತೆ ಸಾರುತ್ತಾರೆ. ಈಗ 18ನೇ ಅಧ್ಯಾಯಕ್ಕೆ ಬನ್ನಿ. ಯೇಸು ಅದೇ ಹನ್ನೆರಡು ಮಂದಿಯನ್ನು ಹತ್ತಿರ ಕರೆದು, ತನ್ನನ್ನು ಅನ್ಯಜನರ (ಯೆಹೂದ್ಯರಲ್ಲದವರ) ಕೈಗೆ ಒಪ್ಪಿಸುತ್ತಾರೆ, ಕೊರಡೆಯಿಂದ ಹೊಡೆದು ಕೊಲ್ಲುತ್ತಾರೆ, ಮೂರನೇ ದಿನ ತಾನು ಎದ್ದುಬರುವೆನು ಎಂದು ಬಿಡಿಸಿ ಹೇಳುತ್ತಾನೆ. 34ನೇ ವಚನದಲ್ಲಿ ಲೂಕ ಒಂದೇ ಮಾತನ್ನು ಮೂರು ಥರ ಹೇಳಿದ್ದಾನೆ: ಅವರಿಗೆ ಏನೂ ಅರ್ಥವಾಗಲಿಲ್ಲ, ಆ ಮಾತು ಅವರಿಗೆ ಮರೆಯಾಗಿತ್ತು, ಹೇಳಿದ್ದು ಏನೆಂದು ಅವರು ತಿಳಿಯಲಿಲ್ಲ.

ಹಾಗಾದರೆ 9ನೇ ಅಧ್ಯಾಯದಲ್ಲಿ ಅವರು ಸಾರಿದ್ದು ಏನು? ಶಿಲುಬೆ, ಪುನರುತ್ಥಾನ ತಲೆಗೇ ಹತ್ತದವರು ‘ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು’ ಎಂದು ಸಾರಿರಲು ಸಾಧ್ಯವೇ ಇಲ್ಲ. ಆದರೂ ಲೂಕ ಅದನ್ನು ಸುವಾರ್ತೆ ಎಂದೇ ಕರೆಯುತ್ತಾನೆ. ದೇವರು ಮನುಷ್ಯರನ್ನು ನಡೆಸುವ ಏರ್ಪಾಡು ಆಗಾಗ ಬದಲಾಗಿದೆ ಎಂದು ಬೈಬಲ್ ಓದುವ ಪ್ರೊಟೆಸ್ಟೆಂಟರಿಗೆ ಡಿಸ್ಪೆನ್ಸೇಷನಲ್ ಪಂಥದವರು ಎಂದು ಹೆಸರು. ಸುವಾರ್ತೆ ಎಂದರೆ ಎಲ್ಲ ಕಡೆಯೂ ಒಂದೇ ಸುದ್ದಿಯಲ್ಲ ಎಂಬ ಅವರ ಇಡೀ ವಾದ ಇಲ್ಲಿಂದ ಹೊರಡುತ್ತದೆ. ಅವರ ಮಾತನ್ನು ಒಪ್ಪುವುದು ಬಿಡುವುದು ಆಮೇಲಿನ ವಿಷಯ. ಮೊದಲು ಈ ಪ್ರಶ್ನೆ ಗಟ್ಟಿಯಾದದ್ದು ಎಂದು ಒಪ್ಪಿಕೊಳ್ಳೋಣ.

ಪದದಿಂದ ಶುರು ಮಾಡೋಣ. ಗ್ರೀಕಿನ ‘ಯುಆಂಗೆಲಿಯೊನ್’ ಅಂದರೆ ಒಳ್ಳೆಯ ಸುದ್ದಿ, ಅಷ್ಟೇ. ನಮ್ಮ ಪ್ರೊಟೆಸ್ಟೆಂಟ್ ಬೈಬಲಿನ ‘ಸುವಾರ್ತೆ’, ಕಥೋಲಿಕರ ‘ಶುಭಸಂದೇಶ’ ಎರಡೂ ಅದರ ನೇರ ಅನುವಾದ. ಕ್ರಿ.ಪೂ. 9ರಲ್ಲಿ ಪ್ರಿಯೇನೆ ಪಟ್ಟಣದ ಶಾಸನ ಅಗಸ್ಟಸ್ ಚಕ್ರವರ್ತಿಯ ಹುಟ್ಟುಹಬ್ಬದ ಬಗ್ಗೆಯೂ ಇದೇ ಪದ ಬಳಸಿದೆ. ಸುದ್ದಿ ಒಳ್ಳೆಯದು ಎಂದು ಪದ ಹೇಳುತ್ತದೆ. ಸುದ್ದಿ ಏನೆಂದು ಆ ವಚನದ ಸುತ್ತಮುತ್ತಲೇ ನೋಡಬೇಕು.

ಇನ್ನು ‘ಡಿಸ್ಪೆನ್ಸೇಷನ್’. ಇದರ ಹಿಂದಿರುವುದು ‘ಓಯ್ಕೊನೊಮಿಯ’ ಎಂಬ ಗ್ರೀಕ್ ಪದ, ಮನೆಯ ಆಡಳಿತ ಎಂದು ಅರ್ಥ. ಲೂಕ 16ರ ಸಾಮ್ಯದಲ್ಲಿ ಧಣಿ ಲೆಕ್ಕ ಒಪ್ಪಿಸು ಎಂದು ಕೇಳುವುದು ಇದರದ್ದೇ. ಅಲ್ಲಿ ಕನ್ನಡ ಬೈಬಲಿನಲ್ಲಿ ಇರುವ ಪದ ‘ಮನೆವಾರ್ತೆ’, ಆ ಕೆಲಸಗಾರ ‘ಮನೆವಾರ್ತೆಯವನು’. ‘ಯುಗವಿಭಾಗ’ ಅನ್ನುವ ಅನುವಾದಕ್ಕಿಂತ ಇದು ಎಷ್ಟೋ ವಾಸಿ. ಯುಗ ಅಂದ ತಕ್ಷಣ ಕೃತ, ತ್ರೇತಾ, ದ್ವಾಪರ ನೆನಪಾಗಿ ದಾರಿ ತಪ್ಪುತ್ತದೆ. ಇಲ್ಲಿ ಮುಖ್ಯವಾದದ್ದು ಕಾಲವಲ್ಲ, ಆಡಳಿತ. ಯಜಮಾನ ಒಬ್ಬನೇ, ಮನೆ ಒಂದೇ, ಆದರೆ ಮನೆವಾರ್ತೆಯ ಏರ್ಪಾಡು ಆಗಾಗ ಬದಲಾಗುತ್ತದೆ. ಏರ್ಪಾಡು ಬದಲಾದಾಗ ಮನೆಯವರಿಗೆ ಹೊಸದಾಗಿ ತಿಳಿಸಬೇಕಾದ ಸುದ್ದಿಯೂ ಇರುತ್ತದೆ.

[ಪರದೆ ಮೇಲೆ: ಏಳು ಏರ್ಪಾಡುಗಳ ಪಟ್ಟಿ]

ಇದನ್ನು ವ್ಯವಸ್ಥಿತವಾಗಿ ಕಟ್ಟಿದವರಲ್ಲಿ ಮೊದಲಿಗ ಜಾನ್ ನೆಲ್ಸನ್ ಡಾರ್ಬಿ, 1800ರಿಂದ 1882. ಆಂಗ್ಲಿಕನ್ ಪಾದ್ರಿಯಾಗಿದ್ದು ಬ್ರದರನ್ ಎಂಬ ಪ್ರೊಟೆಸ್ಟೆಂಟ್ ಬಳಗದ ಸಭೆಗಳ ಕಡೆ ಬಂದವರು. ಆ ಬಳಗದ ಆಂಟನಿ ನಾರಿಸ್ ಗ್ರೋವ್ಸ್ 1833ರಲ್ಲೇ ಭಾರತಕ್ಕೆ ಬಂದಿದ್ದರು. ದಕ್ಷಿಣದ ಬ್ರದರನ್ ಸಭೆಗಳಲ್ಲಿ ಈ ಬೋಧನೆಗೆ ಅಷ್ಟು ಹಳೆಯ ಬೇರು. ಆದರೆ ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಬಂದ, 1917ರಲ್ಲಿ ಪರಿಷ್ಕಾರಗೊಂಡ ಸ್ಕೋಫೀಲ್ಡ್ ಬೈಬಲ್, ಅಂದರೆ ಸಿ. ಐ. ಸ್ಕೋಫೀಲ್ಡ್ ಅವರ ಟಿಪ್ಪಣಿಗಳಿರುವ ಬೈಬಲ್. ಅದರ ಏಳು ಏರ್ಪಾಡುಗಳು: ನಿರ್ದೋಷ ಸ್ಥಿತಿ, ಮನಸ್ಸಾಕ್ಷಿ, ಮಾನವ ಆಡಳಿತ, ವಾಗ್ದಾನ, ಧರ್ಮಶಾಸ್ತ್ರ, ಕೃಪೆ, ರಾಜ್ಯ. ಸುವಾರ್ತೆ ಎಂಬ ಪದವನ್ನು ವಿಂಗಡಿಸುವ ಪ್ರಸಿದ್ಧ ಟಿಪ್ಪಣಿ ಇರುವುದು ಪ್ರಕಟನೆ 14:6ರ ಅಡಿಯಲ್ಲಿ. ಅಲ್ಲಿ ನಾಲ್ಕು ಬಗೆ ಹೇಳಿದೆ.

ಮೊದಲನೆಯದು ರಾಜ್ಯದ ಸುವಾರ್ತೆ, ಮತ್ತಾಯ 4:23 ಮತ್ತು 9:35. ಇಲ್ಲಿ ಕನ್ನಡಿಗರಿಗೇ ವಿಶೇಷವಾಗಿ ಒಂದು ತೊಡಕಿದೆ. ಮತ್ತಾಯನ ‘ಸ್ವರ್ಗಗಳ ರಾಜ್ಯ’ ಕನ್ನಡದಲ್ಲಿ ‘ಪರಲೋಕರಾಜ್ಯ’ ಆಗಿದೆ. ನಮ್ಮ ಆಡುಮಾತಿನಲ್ಲಿ ಪರಲೋಕ ಅಂದರೆ ಸತ್ತ ಮೇಲೆ ಹೋಗುವ ಜಾಗ. ಹಾಗಾಗಿ ‘ಪರಲೋಕರಾಜ್ಯವು ಸಮೀಪಿಸಿತು’ ಅನ್ನುವುದು ಕೇಳುಗರ ಕಿವಿಗೆ ‘ಸಾವು ಹತ್ತಿರ ಬಂತು, ಸಿದ್ಧವಾಗಿ’ ಎಂಬಂತೆ ಬೀಳುತ್ತದೆ. ಡಿಸ್ಪೆನ್ಸೇಷನಲ್ ಓದಿನಲ್ಲಿ ಅದು ಪೂರ್ತಿ ತಿರುಗುಮುರುಗು. ಅವರ ಪ್ರಕಾರ ಈ ರಾಜ್ಯ ಬರುವುದು ಭೂಮಿಯ ಮೇಲೆ. ಲೂಕ 1:32-33ರಲ್ಲಿ ದೇವದೂತ ಮರಿಯಳಿಗೆ ಹೇಳಿದ ದಾವೀದನ ಸಿಂಹಾಸನ, ಯೆರೂಸಲೇಮಿನಿಂದ ಆಳ್ವಿಕೆ, ಪ್ರಕಟನೆ 20ರ 2ರಿಂದ 7ನೇ ವಚನದೊಳಗೆ ಆರು ಸಲ ಬರುವ ‘ಸಾವಿರ ವರ್ಷ’, ಇವೆಲ್ಲ ಅಕ್ಷರಶಃ ಎಂಬುದು ಅವರ ನಿಲುವು. ಸುದ್ದಿ ಯಾರಿಗೆ? ಮತ್ತಾಯ 10:5-7 ನೋಡಿ. ಅನ್ಯಜನರ ಕಡೆ ಹೋಗಬೇಡಿ, ಸಮಾರ್ಯರ ಊರಿಗೂ ಬೇಡ, ಇಸ್ರಾಯೇಲಿನ ತಪ್ಪಿಹೋದ ಕುರಿಗಳ ಬಳಿಗೇ ಹೋಗಿ. ಸ್ಕೋಫೀಲ್ಡ್ ಲೆಕ್ಕದಲ್ಲಿ ಈ ಸಾರುವಿಕೆ ಎರಡು ಸಲ. ಒಂದು, ಸ್ನಾನಿಕ ಯೋಹಾನನಿಂದ ಶುರುವಾಗಿ ಯೆಹೂದ್ಯರು ಅರಸನನ್ನು ತಿರಸ್ಕರಿಸುವಲ್ಲಿಗೆ ಮುಗಿಯಿತು. ಇನ್ನೊಂದು ಮುಂದೆ, ಕ್ರಿಸ್ತನ ಮರುಬರುವಿಕೆಗೆ ಮೊದಲು ಬರುತ್ತದೆ ಎಂದು ಅವರು ಹೇಳುವ ಮಹಾಸಂಕಟದ ಕಾಲದಲ್ಲಿ.

ಎರಡನೆಯದು ದೇವರ ಕೃಪೆಯ ಸುವಾರ್ತೆ, ಅಪೊಸ್ತಲರ ಕೃತ್ಯಗಳು 20:24. ಒಳಗೇನಿದೆ ಎಂಬುದಕ್ಕೆ 1 ಕೊರಿಂಥ 15:3-5: ಶಾಸ್ತ್ರದ ಪ್ರಕಾರ ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೇ ದಿನ ಎಬ್ಬಿಸಲ್ಪಟ್ಟನು, ಕಾಣಿಸಿಕೊಂಡನು. ಯೆಹೂದ್ಯ, ಅನ್ಯಜನ ಎಂಬ ಭೇದವಿಲ್ಲದೆ ಎಲ್ಲರಿಗೂ, ನಂಬಿಕೆಯೊಂದರಿಂದಲೇ. ಈ ಕಾಲದ ಸಭೆ ಸಾರಬೇಕಾದದ್ದು ಇದೊಂದನ್ನೇ. ಗಲಾತ್ಯ 1:8-9ರ ಶಾಪವಾಕ್ಯ ಇರುವುದು ಇದನ್ನು ತಿರುಚುವವರ ಮೇಲೆ.

ಮೂರನೆಯದು ನಿತ್ಯವಾದ ಸುವಾರ್ತೆ. ಪ್ರಕಟನೆ 14:6-7ರಲ್ಲಿ ಅದನ್ನು ಸಾರುವವನು ದೇವದೂತ. ದೇವರಿಗೆ ಭಯಪಡಿರಿ, ತೀರ್ಪಿನ ಗಳಿಗೆ ಬಂದಿದೆ, ಆಕಾಶ ಭೂಮಿ ಸಮುದ್ರ ಬುಗ್ಗೆಗಳನ್ನು ಉಂಟುಮಾಡಿದವನನ್ನು ಆರಾಧಿಸಿರಿ. ಅಲ್ಲಿ ಶಿಲುಬೆಯ ಹೆಸರೂ ಇಲ್ಲ. ನಾಲ್ಕನೆಯದು ಪೌಲ ‘ನನ್ನ ಸುವಾರ್ತೆ’ ಅನ್ನುವುದು, ರೋಮಾ 2:16. ಎರಡನೆಯದೇ ಪೂರ್ತಿ ಅರಳಿದ ರೂಪ ಅದು ಎನ್ನುತ್ತದೆ ಟಿಪ್ಪಣಿ.

ಈಗ ಎಡವುವ ಜಾಗಗಳು. ದೊಡ್ಡ ಎಡವು ‘ರಕ್ಷಣೆಗೆ ಎರಡು ದಾರಿ’ ಎಂಬ ಆರೋಪ. ಇದು ವಿರೋಧಿಗಳು ಕಟ್ಟಿದ ಕಥೆಯಲ್ಲ. ಯೋಹಾನ 1:17ರ ಹಳೆಯ ಸ್ಕೋಫೀಲ್ಡ್ ಟಿಪ್ಪಣಿಯ ಮಾತಿನ ಧಾಟಿ ನೋಡಿದರೆ, ಮೋಶೆಯ ಕಾಲದಲ್ಲಿ ಧರ್ಮಶಾಸ್ತ್ರಕ್ಕೆ ವಿಧೇಯರಾಗುವುದೇ ರಕ್ಷಣೆಯ ಷರತ್ತಾಗಿತ್ತು, ಈಗ ಕ್ರಿಸ್ತನನ್ನು ಒಪ್ಪುವುದು ಎಂದು ಯಾರಿಗಾದರೂ ಅನ್ನಿಸುತ್ತದೆ. 1967ರ ಹೊಸ ಸ್ಕೋಫೀಲ್ಡ್ ಬೈಬಲಿನಲ್ಲಿ ಆ ಭಾಗವನ್ನು ತಿದ್ದಿದರು. ಅಷ್ಟರಲ್ಲಿ, 1965ರಲ್ಲಿ, ಡಲ್ಲಾಸ್ ಸೆಮಿನರಿಯ ಚಾರ್ಲ್ಸ್ ರೈರಿ ಕೊಟ್ಟ ಉತ್ತರವೇ ಇವತ್ತಿಗೂ ಈ ಪಂಥದ ಅಧಿಕೃತ ಉತ್ತರದಂತೆ ಓಡಾಡುತ್ತಿದೆ.

[ಪರದೆ ಮೇಲೆ ಒಂದೊಂದಾಗಿ: ಆಧಾರ, ಷರತ್ತು, ನಂಬಿಕೆಯ ಗುರಿ, ನಂಬಿಕೆಯ ಒಳತಿರುಳು]

ರಕ್ಷಣೆಯ ಆಧಾರ ಎಲ್ಲ ಕಾಲದಲ್ಲೂ ಕ್ರಿಸ್ತನ ಮರಣ. ಷರತ್ತು ಎಲ್ಲ ಕಾಲದಲ್ಲೂ ನಂಬಿಕೆ. ನಂಬಿಕೆಯ ಗುರಿ ಎಲ್ಲ ಕಾಲದಲ್ಲೂ ದೇವರು. ಬದಲಾಗುವುದು ನಾಲ್ಕನೆಯದು ಮಾತ್ರ, ಅಂದರೆ ಆ ಕಾಲದವರಿಗೆ ದೇವರು ತಿಳಿಸಿದ್ದು ಎಷ್ಟೋ ಅಷ್ಟು. ಅಬ್ರಹಾಮನನ್ನೇ ತೆಗೆದುಕೊಳ್ಳಿ. ಆದಿಕಾಂಡ 15ರಲ್ಲಿ ಅವನಿಗೆ ಹೇಳಿದ್ದು, ನಕ್ಷತ್ರ ಎಣಿಸು, ನಿನ್ನ ಸಂತಾನ ಹಾಗಾಗುತ್ತದೆ ಎಂದು. ಅವನು ನಂಬಿದ, ಅದು ನೀತಿಯೆಂದು ಲೆಕ್ಕಕ್ಕೆ ಬಂತು. ಶಿಲುಬೆಯ ವಿವರ ಅವನಿಗೆ ಗೊತ್ತಿರಲಿಲ್ಲ. ಆದರೂ ಅವನ ಲೆಕ್ಕ ಚುಕ್ತಾ ಆದದ್ದು ಶಿಲುಬೆಯಿಂದಲೇ ಎಂಬುದು ರೈರಿ ವಾದ. ಇದಕ್ಕೆ ಒಡಂಬಡಿಕೆಯ ದೇವತಾಶಾಸ್ತ್ರದವರು, ಅಂದರೆ ಎಲ್ಲ ಕಾಲಕ್ಕೂ ಕೃಪೆಯ ಒಡಂಬಡಿಕೆ ಒಂದೇ ಎನ್ನುವವರು, ತೆಗೆಯುವ ವಚನ ಗಲಾತ್ಯ 3:8, ಅಬ್ರಹಾಮನಿಗೆ ಮುಂಚಿತವಾಗಿಯೇ ಸುವಾರ್ತೆ ಸಾರಲಾಯಿತು ಎನ್ನುವುದು. ಆದರೆ ಆ ವಚನ ಕೊನೆತನಕ ಓದಿ. ಅಲ್ಲಿ ಪೌಲ ಉಲ್ಲೇಖಿಸುವ ಸುದ್ದಿ ‘ನಿನ್ನಲ್ಲಿ ಎಲ್ಲ ಜನಾಂಗಗಳಿಗೆ ಆಶೀರ್ವಾದ’ ಎಂಬುದು. ಎರಡೂ ಕಡೆಯವರು ತಮ್ಮದೇ ಗೆಲುವು ಎನ್ನಬಹುದಾದ ವಚನ ಅದು.

ಡಿಸ್ಪೆನ್ಸೇಷನಲ್ ವಿಂಗಡಣೆಗೆ ನಿಜವಾಗಿ ಪೆಟ್ಟು ಕೊಡುವುದು ಬೇರೆ ಜಾಗ. ಕೃಪೆಯ ಸುವಾರ್ತೆ ಎಂಬ ಹೆಸರು ಸಿಕ್ಕಿದ್ದು ಅಪೊಸ್ತಲರ ಕೃತ್ಯಗಳು 20:24ರಲ್ಲಿ ತಾನೇ? ಬೆರಳನ್ನು ಒಂದು ಸಾಲು ಕೆಳಗೆ ಇಳಿಸಿ. 20:25ರಲ್ಲಿ ಅದೇ ಪೌಲ, ಅದೇ ಎಫೆಸದ ಹಿರಿಯರಿಗೆ, ತಾನು ಅವರ ನಡುವೆ ಸಂಚರಿಸಿ ರಾಜ್ಯವನ್ನು ಸಾರಿದ್ದಾಗಿ ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳ ಕಡೆಯ ವಚನ 28:31ರಲ್ಲೂ ರೋಮಾಪುರದಲ್ಲಿ ಅವನು ಸಾರುತ್ತಿರುವುದು ದೇವರ ರಾಜ್ಯವನ್ನೇ. ಸ್ಕೋಫೀಲ್ಡ್ ಇದರಿಂದ ತಪ್ಪಿಸಿಕೊಳ್ಳಲು ಪರಲೋಕರಾಜ್ಯ ಬೇರೆ, ದೇವರ ರಾಜ್ಯ ಬೇರೆ ಎಂದರು. ಆ ಗೋಡೆ ನಿಲ್ಲುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಮತ್ತಾಯ 19:23ರಲ್ಲಿ ಐಶ್ವರ್ಯವಂತ ಪರಲೋಕರಾಜ್ಯಕ್ಕೆ ಸೇರುವುದು ಕಷ್ಟ, 24ರಲ್ಲಿ ದೇವರ ರಾಜ್ಯಕ್ಕೆ ಸೇರುವುದು ಕಷ್ಟ. ಒಂದೇ ಮಾತು, ಎರಡು ಹೆಸರು. 1993ರ ಹೊತ್ತಿಗೆ ಬ್ಲೇಸಿಂಗ್ ಮತ್ತು ಬಾಕ್ ಮುಂದಿಟ್ಟ ಪ್ರಗತಿಶೀಲ ಡಿಸ್ಪೆನ್ಸೇಷನಲಿಸಂ ಈ ಗೋಡೆಯನ್ನು ಕೈಬಿಟ್ಟಿತು. ಕ್ರಿಸ್ತನು ಈಗಾಗಲೇ ದಾವೀದನ ಸಿಂಹಾಸನದ ಅಧಿಕಾರದಲ್ಲಿದ್ದಾನೆ, ಭೂಮಿಯ ಮೇಲಿನ ಭಾಗ ಬಾಕಿ ಇದೆ ಎನ್ನುತ್ತಾರೆ ಅವರು.

ಇನ್ನೊಂದು ತುದಿಗೆ ಹೋದವರೂ ಇದ್ದಾರೆ. ಗಲಾತ್ಯ 2:7ರಲ್ಲಿ ಪೇತ್ರನಿಗೆ ಸುನ್ನತಿಯವರ (ಯೆಹೂದ್ಯರ) ಸುವಾರ್ತೆ, ಪೌಲನಿಗೆ ಸುನ್ನತಿಯಿಲ್ಲದವರ (ಅನ್ಯಜನರ) ಸುವಾರ್ತೆ ಒಪ್ಪಿಸಲಾಯಿತು ಎಂದಿದೆ. ಸಾಮಾನ್ಯ ಡಿಸ್ಪೆನ್ಸೇಷನಲ್ ಬೋಧಕರಿಗೆ ಇದು ಬರೀ ಕಾರ್ಯಕ್ಷೇತ್ರದ ಹಂಚಿಕೆ. ಇ. ಡಬ್ಲ್ಯೂ. ಬುಲ್ಲಿಂಗರ್ ಹಾದಿಯವರು ಮಾತ್ರ ಈಗಿನ ಸಭೆ ಹುಟ್ಟಿದ್ದೇ ಕೃತ್ಯಗಳು 28ರ ನಂತರ ಎಂದರು. ಅವರ ನಂತರದ ಕೆಲವರು ಆ ಗೆರೆಯನ್ನು ಪುಸ್ತಕದ ನಡುಮಧ್ಯಕ್ಕೆ, ಪೌಲನ ಸೇವೆಯ ಆರಂಭಕ್ಕೆ, ಸರಿಸಿದರು. ಗೆರೆ ಎಲ್ಲಿ ಎಳೆದಿರಿ ಅನ್ನುವುದರ ಮೇಲೆ ನಿತ್ಯದ ಆಚರಣೆಯೇ ಬದಲಾಗುತ್ತದೆ. ಮಧ್ಯದಲ್ಲಿ ಎಳೆದವರು ನೀರಿನ ದೀಕ್ಷಾಸ್ನಾನ ಬಿಡುತ್ತಾರೆ, 28ರಲ್ಲಿ ಎಳೆದವರಲ್ಲಿ ಹಲವರು ಕರ್ತನ ಭೋಜನವನ್ನೂ ಬಿಡುತ್ತಾರೆ.

ಓದುವಾಗ ಏನು ಮಾಡಬೇಕು? ಸುವಾರ್ತೆ ಎಂಬ ಪದ ಕಂಡಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ: ಹೇಳುವವರು ಯಾರು, ಕೇಳುವವರು ಯಾರು, ಶಿಲುಬೆಗೆ ಮೊದಲೋ ಆಮೇಲೋ, ಸುದ್ದಿ ಏನು, ಕೇಳಿದವರು ಏನು ಮಾಡಬೇಕು. ಮತ್ತಾಯ 24ರಲ್ಲಿ ಇದನ್ನು ಮಾಡದೆ ಹೋದರೆ ಏನಾಗುತ್ತದೆ ನೋಡಿ. 13ನೇ ವಚನದ ‘ಕಡೆಯ ತನಕ ತಾಳುವವನು ರಕ್ಷಣೆ ಹೊಂದುವನು’ ಎಂಬುದನ್ನು ಇವತ್ತಿನ ವಿಶ್ವಾಸಿಯ ಮೇಲೆ ಹೇರಿ, ನಾನು ತಾಳಿದ್ದು ಸಾಕೋ ಇಲ್ಲವೋ ಎಂದು ಹೆದರಿಸುವ ಪ್ರಸಂಗಗಳು ಉಂಟು. ಡಿಸ್ಪೆನ್ಸೇಷನಲ್ ಓದಿನಲ್ಲಿ ಆ ಮಾತು ದಾನಿಯೇಲ 9ರ ಎಪ್ಪತ್ತನೇ ವಾರದ, ಅಂದರೆ ಮುಂದೆ ಬರುವ 7 ವರ್ಷಗಳ ಸಂಕಟದಲ್ಲಿ ಸಿಕ್ಕಿಕೊಂಡವರಿಗೆ. ಅಲ್ಲಿ ರಕ್ಷಣೆ ಎಂದರೆ ಆ ಸಂಕಟದಿಂದ ಬದುಕಿ ರಾಜ್ಯದೊಳಗೆ ಕಾಲಿಡುವುದು ಎನ್ನುವುದು ಅವರಲ್ಲಿ ಹಲವರ ವಿವರಣೆ.

ಮರುವಚನ 24:14, ರಾಜ್ಯದ ಸುವಾರ್ತೆ ಲೋಕಕ್ಕೆಲ್ಲ ಸಾರಲ್ಪಡುವುದು, ಆಗ ಅಂತ್ಯ ಬರುವುದು. ಸ್ಕೋಫೀಲ್ಡ್ ಲೆಕ್ಕದ ಪ್ರಕಾರ ಈ ಕೆಲಸ ಸಭೆಯದಲ್ಲವೇ ಅಲ್ಲ. ಸಭೆ ಎತ್ತಲ್ಪಟ್ಟ ಮೇಲೆ, ಅಂದರೆ ಕ್ರಿಸ್ತನು ವಿಶ್ವಾಸಿಗಳನ್ನು ಭೂಮಿಯಿಂದ ಮೇಲಕ್ಕೆ ಕರೆದುಕೊಂಡ ಮೇಲೆ, ಪ್ರಕಟನೆ 7ರ 1,44,000 ಮಂದಿ, ಕುಲಕ್ಕೆ 12,000ದಂತೆ ಹನ್ನೆರಡು ಕುಲದವರು, ಅದನ್ನು ಸಾರುತ್ತಾರೆ ಎಂಬುದು ಅವರ ಸಾಮಾನ್ಯ ಬೋಧನೆ. ಆದರೆ ಮಿಷನರಿ ಕೂಟಗಳಿಗೆ ಹೋಗಿ ನೋಡಿ. ಏಳು ಏರ್ಪಾಡುಗಳ ನಕ್ಷೆ ಗೋಡೆಗೆ ಹಾಕುವ ಸಭೆಗಳಲ್ಲೂ ವೇದಿಕೆಯ ಹಿಂದಿನ ಬ್ಯಾನರ್ ಮೇಲೆ ಮತ್ತಾಯ 24:14 ದಪ್ಪಕ್ಷರದಲ್ಲಿ ಇರುವುದುಂಟು. ಅದರ ಕೆಳಗೆ ನಿಂತವರು ಸಾರುವುದು ಮಾತ್ರ 1 ಕೊರಿಂಥ 15.